ಒಂದು ಗುಂಡಿ ಮರೆತು

ಉದ್ಯಾವರದ ಸಭಾಭವನದಲ್ಲಿ ಆರು ಲೈಟು,
ಅದರಲ್ಲಿ ಎರಡು ಉರಿಯುವುದೇ ಇಲ್ಲ.
ಎರಡನೇ ಅಂಕಕ್ಕೆ ತುಕಾರಾಮ ಮಾಸ್ಟ್ರು
ಉಳಿದ ನಾಲ್ಕನ್ನೂ ಆರಿಸಿ
ಒಂದು ಚಿಮಣಿ ಸಾಕು ಅಂದರು.
"ರಾತ್ರಿ ಅಂದ್ರೆ ರಾತ್ರಿ ಮಾರಾಯ,
ನಿನ್ನ ಕ್ಯಾಮರಾಕ್ಕೆ ಬೇಕೂಂತ ಹಗಲು ಮಾಡ್ಲಿಕ್ಕಾಗ್ತದಾ?"

ಆಟೋದಲ್ಲಿಟ್ಟರೆ ಈ ಯಂತ್ರಕ್ಕೆ ಕತ್ತಲೆಂದರೆ ಹೆದರಿಕೆ.
ಗೇನ್ ಏರಿಸಿ ಏರಿಸಿ
ಕಪ್ಪು ಪರದೆಯನ್ನು ಬೂದಿ ಮಾಡುತ್ತದೆ,
ಬೂದಿಯೊಳಗೆ ನುಸಿ ಎಬ್ಬಿಸುತ್ತದೆ,
ಚಿಮಣಿ ಒಂದು ಬಿಳಿ ಮಚ್ಚೆ.
ಫೋಕಸ್ಸು ಮುಖ ಹುಡುಕುತ್ತ
ಹಿಂದೆ ಮುಂದೆ, ಹಿಂದೆ ಮುಂದೆ,
ಕರೆಂಟು ಹೋದ ಮದುವೆಮನೆಯಲ್ಲಿ
ಚಪ್ಪಲಿ ತಡಕುವವರ ಹಾಗೆ.

ಹಾಗಾಗಿ ಒಂದೊಂದೇ ಕಿತ್ತುಕೊಂಡೆ ಅದರ ಕೈಯಿಂದ.
ಶಟರ್ ಐವತ್ತು,
ಬಣ್ಣದ ಕೋಣೆಯ ಟ್ಯೂಬ್‌ಲೈಟಿನ ನಡುಕಕ್ಕೆ ಅದೇ ಮದ್ದು.
ಐರಿಸ್ ಪೂರಾ ಬಾಯಿ ತೆರೆದು.
ಗೇನ್ ಒಂಬತ್ತಕ್ಕೆ ನಿಲ್ಲಿಸಿ, ಇನ್ನು ಹತ್ತಬೇಡ ಅಂತ.
ಬಿಳಿ ಯಾವುದೆಂದು ತೋರಿಸಲಿಕ್ಕೆ
ಚಾ ತಂದ ಹುಡುಗನನ್ನೇ ಚಿಮಣಿಯ ಮುಂದೆ ನಿಲ್ಲಿಸಿದೆ.
"ಈ ಬನಿಯನು ಬಿಳಿ ಅಲ್ಲಣ್ಣ," ಅಂದ ಅವನೇ.
ಪರವಾಗಿಲ್ಲ; ದೀಪಕ್ಕೆ ಅದರ ಹಳದಿ ಸ್ವಲ್ಪ ಬಿಟ್ಟೆ.
ಫೋಕಸ್ಸಿಗೆ ನೆಲದಲ್ಲಿ ಸುಣ್ಣದ ಗೆರೆ:
ಇಲ್ಲಿ ಸುಜಯಾ ಕೂರುತ್ತಾಳೆ, ಇಲ್ಲಿ ಅವಳ ಮಾವ.

ಹಿಂದಿನ ಸಾಲಿನಿಂದ ಜೂಮ್ ಎಳೆದರೆ
ಎಳೆದಷ್ಟೂ ಲೆನ್ಸಿಗೆ ಬೆಳಕು ಕಮ್ಮಿ.
ಕೂತಲ್ಲಿಂದಲೇ ಹತ್ತಿರವಾಗುವ ಆಸೆಗೆ ಅದು ದಂಡ.
ಎದ್ದು ಹೋಗಬೇಕು.
ಹೋದೆ, ಸ್ಟ್ಯಾಂಡು ಹೊತ್ತು, ಬಲಗಡೆಯ ಪಕ್ಕಪರದೆಯ ಬದಿಗೆ.
ಅಲ್ಲಿ ಸ್ಟೂಲಿನ ಮೇಲೆ ಲೋಕಯ್ಯ ಕೋಟ್ಯಾನ್,
ಮೊಣಕಾಲ ಮೇಲೆ ನೋಟುಬುಕ್ಕು,
ಬೆರಳುದ್ದದ ಟಾರ್ಚು.
ಹಗಲು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವರು,
ಇಪ್ಪತ್ತೆರಡು ವರ್ಷದಿಂದ ರಾತ್ರಿ ಪ್ರಾಂಪ್ಟರು.
ನನಗೆ ಜಾಗ ಕೊಡಲು ಒಂದು ಗೇಣು ಸರಿದರು.
ಅಷ್ಟೇ ನಮ್ಮ ಮಾತುಕತೆ.

ಮನೆಗೆ ಬಂದು ಹೆಡ್‌ಫೋನ್ ಹಾಕಿ ನೋಡಿದೆ.
ನಾನೇ ಹೇಳಬಾರದು, ಚಿತ್ರ ಚೆಂದ ಬಂದಿತ್ತು.
ಕಪ್ಪು ಕಪ್ಪಾಗಿಯೇ ಇತ್ತು.
ಸುಜಯಾಳ ಒಂದು ಕೆನ್ನೆ, ಮೂಗುತಿ,
ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳು,
ಅಷ್ಟಕ್ಕೇ ಬೆಳಕು.
ಆದರೆ ಒಂದು ಗುಂಡಿ ಮರೆತಿದ್ದೆ.
ಶಬ್ದ ಆಟೋದಲ್ಲೇ ಉಳಿದಿತ್ತು.

ಮೌನ ಬಂದಾಗಲೆಲ್ಲ ಮೈಕು,
ಬಾವಿಗೆ ಬಿದ್ದ ಕೊಡಪಾನಕ್ಕೆ ಪಾತಾಳಗರಡಿ ಇಳಿಸಿದ ಹಾಗೆ,
ಇಳಿದು, ತಡಕಿ,
ಲೋಕಯ್ಯನವರ ಪಿಸುದನಿ ಮೇಲೆತ್ತಿ ತಂದಿತ್ತು.
"ಇತ್ತೆ ಬರ್ಪೆ ಪಂಡ್ದ್ ಪೋಯೆರ್,"
ಲೆಕ್ಕ ಒಪ್ಪಿಸಿದಷ್ಟು ತಣ್ಣಗೆ.
ಒಂದು ಉಸಿರು ಬಿಟ್ಟು ಸುಜಯಾ,
ಅದೇ ಮಾತು, ಅಳು ಸೇರಿಸಿ:
ಈಗ ಬರ್ತೇನೆ ಅಂತ ಹೋದವರು.
ಇಡೀ ನಾಟಕ ಎರಡೆರಡು ಸಲ.
ಮಾವನ ಬೈಗುಳ, ನಾದಿನಿಯ ನಗು, ಸಾಲ ಕೊಟ್ಟವನ ಧಮಕಿ,
ಎಲ್ಲ ಮೊದಲು ಒಂದೇ ಗಂಟಲಲ್ಲಿ, ಬಣ್ಣ ಹಚ್ಚದೆ.
ನಡುವೆ ನುಂಗಿದ ಒಂದು ಕೆಮ್ಮು.
ಪುಟ ಮಗುಚಿದ್ದು.

ಮಾಸ್ಟ್ರಿಗೆ ಸಿಟ್ಟು. "ಮಾನ ಹೋಯ್ತು. ತೆಗಿ ಅದನ್ನು."
ತೆಗೆಯುವ ದಾರಿ ಉಂಟು.
ಅವರ ದನಿ ಇದ್ದಲ್ಲೆಲ್ಲ ಕತ್ತರಿಸಿ
ಖಾಲಿ ಸಭೆಯ ಗುಂಯ್ ಸದ್ದು ತುಂಬಿದೆ,
ಮುನ್ನೂರ ಹದಿನಾಲ್ಕು ಕಡೆ.
ಕತ್ತರಿಸದ್ದನ್ನು ಹಿಡಿದುಕೊಂಡು ಮಲ್ಪೆಗೆ ಹೋದೆ.

ಐಸು ಪುಡಿ ಮಾಡುವ ಗಲಾಟೆಯಲ್ಲಿ
ಹೆಡ್‌ಫೋನ್ ಹಾಕಿ ಅವರು ಕಣ್ಣು ಮುಚ್ಚಿದರು.
ನಾನು ಅಷ್ಟು ಕಷ್ಟಪಟ್ಟ ಚಿತ್ರ ನೋಡಲೇ ಇಲ್ಲ.
ತುಟಿ ಅಲ್ಲಾಡುತ್ತಿತ್ತು.
ಹನ್ನೊಂದನೇ ನಿಮಿಷಕ್ಕೆ ಕೈ ಎತ್ತಿದರು:
"ಇಲ್ಲಿ ನಾನೊಂದು ಸಾಲು ಹಾರಿಸಿದೆ.
ಅವಳು ಹಾರಿಸಲಿಲ್ಲ ನೋಡು.
ನನ್ನನ್ನು ಬಿಟ್ಟು ತಾನೇ ಹೇಳಿದಳು.
ಇನ್ನೊಮ್ಮೆ ಹಾಕು."

ಹಾಕಿದೆ.
ಹೊರಗೆ ಮೀನಿನ ಲಾರಿಯವ
ಹಾರ್ನು ಹೊಡೆಯುತ್ತಲೇ ಇದ್ದ.