ಎಡಗಡೆಯ ವೈಪರ್

ನಮ್ಮ ಫಿಯೆಟ್ ನೂರಾ ಮೂವತ್ತೊಂದು
ಹಾಲು ಹೆಚ್ಚಾದ ಕಾಫಿಯ ಬಣ್ಣ.
ಅಪ್ಪ ದೊನಾತೊ ಮಿರಾಫಿಯೋರಿಯ ಸಾಲಿನಲ್ಲಿ ನಿಂತು
ಬಾಗಿಲುಗಳಿಗೆ ಕೀಲು ಬಿಗಿಯುವವನು;
ತಾನು ಬಿಗಿದದ್ದನ್ನೇ ತಾನು ಕೊಂಡ,
ಮೂವತ್ತಾರು ತಿಂಗಳು ಸಂಬಳದಲ್ಲಿ ಮುರಿಸಿಕೊಂಡು.

ಆಗಸ್ಟಿನಲ್ಲಿ ಅದರ ನೆತ್ತಿಯ ಮೇಲೆ ಎರಡು ಹಾಸಿಗೆ,
ಊರಿಗೆ ಹೋಗುವಾಗ ಹೊಲಿಗೆ ಯಂತ್ರ,
ಬರುವಾಗ ಅಜ್ಜಿಯ ಟೊಮೆಟೊ ಸೀಸೆ ನಲವತ್ತು.
ಗಂಟೆಗೆ ಎಂಬತ್ತು ದಾಟಿದರೆ
ಅಮ್ಮ ಫಿಲೊಮೆನಾ ಕೆಮ್ಮುತ್ತಿದ್ದಳು.

ಅಕ್ಟೋಬರಿನ ರಾತ್ರಿ, ಸಾನ್‌ರೆಮೊ ಹಿಂದಿನ ಗುಡ್ಡ.
ತಿರುವಿನ ಮೇಲೆ ಕಂಬಳಿ ಹೊದ್ದು ಕೂತೆವು. ಮಳೆ.
ಮೊದಲು ಸದ್ದು, ಆಮೇಲೆ ಬೆಳಕು, ಆಮೇಲೆ ಕೆಸರು,
ಕಾರು ಬಂದದ್ದು ಕೊನೆಗೆ;
ಬಂತು ಅನ್ನುವಷ್ಟರಲ್ಲಿ ಹೋಗಿತ್ತು.
“ನೋಡಿದಿರಾ, ನಮ್ಮದೇ!” ಅಂದ ಅಪ್ಪ.
“ನಮ್ಮದಕ್ಕೆ ಮಂಗನಬಾವು ಬಂದ ಹಾಗಿದೆ,” ಅಂದಳು ಅಮ್ಮ,
ಚಕ್ರಗಳ ಮೇಲೆ ಉಬ್ಬಿದ ಆ ಕೆನ್ನೆ ಕಂಡು.

ಹದಿನೇಳನೆಯದು ನಿಂತುಬಿಟ್ಟಿತು, ನಮ್ಮೆದುರೇ.
ಎಡಗಡೆಯ ವೈಪರನ್ನು ಎಲ್ಲೋ ಕಣಿವೆಗೆ ಉದುರಿಸಿಕೊಂಡು
ಒಕ್ಕಣ್ಣನಾಗಿ ಬಂದಿತ್ತು.
ಹೆಲ್ಮೆಟ್ಟಿನ ಹುಡುಗ ಇಳಿದು ಓಡಿದ,
ನಿಲ್ಲಿಸಿಟ್ಟ ಕಾರುಗಳ ಮೂತಿ ಮೂತಿಗೂ ಟಾರ್ಚು ಹಿಡಿದ,
ನಮ್ಮದರ ಮುಂದೆ ನಿಂತು
ಎರಡೂ ಅಂಗೈ ಜೋಡಿಸಿ ಅಲುಗಾಡಿಸಿದ.
ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ಕಾರ್ಖಾನೆಯ ಕೈ.
ಅಮ್ಮನನ್ನು ಒಂದು ಮಾತು ಕೇಳಲಿಲ್ಲ.

ಅಷ್ಟರಲ್ಲಿ ನಾನು ಅದರೊಳಗೆ ಇಣುಕಿದೆ.
ಹಿಂದಿನ ಸೀಟೇ ಇರಲಿಲ್ಲ.
ನಾನು, ತಮ್ಮ, ಹಾಸಿಗೆಯ ಹಗ್ಗ, ವಾಂತಿಯ ಚೀಲ
ಇರಬೇಕಾದ ಕಡೆ
ಕಬ್ಬಿಣದ ಕೊಳವೆಗಳ ಪಂಜರ, ಒಂದು ಟೈರು.
ಇಷ್ಟು ಹಗುರಾಗಲು ಮತ್ತೇನೂ ಬೇಕಿರಲಿಲ್ಲ,
ನಮ್ಮನ್ನು ಇಳಿಸಿದರೆ ಸಾಕಿತ್ತು.

ಟೂರಿನ್‌ವರೆಗೂ ಮಳೆ ಬಿಡಲಿಲ್ಲ.
ಬಲಗಡೆಯ ವೈಪರನ್ನು ಕಿತ್ತು
ಎಡಕ್ಕೆ, ತನ್ನ ಕಣ್ಣಿಗೆ, ಹಾಕಿಕೊಂಡಿದ್ದ ಅಪ್ಪ.
ಅಮ್ಮನ ಪಾಲಿನ ಗಾಜಿನ ತುಂಬ ಬರೀ ನೀರು.
ಸವೋನಾ ದಾಟಿದ ಮೇಲೆ ಮುಳ್ಳು ನೂರಕ್ಕೆ ಹೋಯಿತು,
ನೂರಾ ಹತ್ತಕ್ಕೆ.
ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು
ಕೆಮ್ಮಿಗಾಗಿ ಕಾದೆ.
ಅವಳು ಏನೂ ಕಾಣದ ಗಾಜನ್ನು ನೋಡುತ್ತ
ಮಡಿಲಲ್ಲಿ ಪರ್ಸಿನ ಕೊಂಡಿ ತೆಗೆದಳು, ಹಾಕಿದಳು,
ತೆಗೆದಳು.

ಪತ್ರಿಕೆಯಲ್ಲಿ ಆ ಹುಡುಗನ ಹೆಸರು ಕೆಳಗೆಲ್ಲೋ, ಇರುವೆ ಅಕ್ಷರದಲ್ಲಿ:
ಇಪ್ಪತ್ತಮೂರನೆಯ ಸ್ಥಾನ.
“ಮಳೆ ನಿಂತಿರಬೇಕು,” ಅಂದ ಅಪ್ಪ.
ಹೊಸ ವೈಪರು ಬಂದದ್ದು ಮಾರ್ಚಿನಲ್ಲಿ.
ತಂದವಳು ಅಮ್ಮ.