ಆರು ಲೇನಿನ ಅಂದಾಜು

ಮೊದಲು ಉದ್ದ ಬರೆದುಕೊಂಡೆ: ತೊಂಬತ್ತೆರಡು ಅಡಿ,
ಗೋಡೆಯಿಂದ ಗೋಡೆಗೆ.
ಸಾಕು ಅಂದರು ಕೌಜಲಗಿ ಸಾಹೇಬರು.
ಚೆಂಡು ಓಡಲು ಅರವತ್ತು, ಓಡಿಸುವವನಿಗೆ ಹದಿನೈದು,
ಉಳಿದದ್ದು ಹಿಂದಿನ ಯಂತ್ರಕ್ಕೆ.
ಭೋಸರಿಯ ಈ ಬಾಡಿಗೆ ಶೆಡ್ಡಿನಲ್ಲಿ ಹೋದ ದೀಪಾವಳಿ ತನಕ
ಸ್ಕೂಟರಿನ ಬ್ರೇಕ್ ಪೆಡಲು ಬೀಳುತ್ತಿದ್ದವು, ನಿಮಿಷಕ್ಕೆ ಹದಿನಾಲ್ಕು.
ಇನ್ನು ಪಿನ್ನು ಬೀಳಬೇಕು.

ಇನ್ನೂರೈವತ್ತು ಟನ್ನಿನ ಪ್ರೆಸ್ಸು ಗುಜರಿಗೆ ಹೋಗಿ
ಹನ್ನೊಂದು ಲಕ್ಷ ಬಂತು. ಜಮೆ.
ಅದು ಕೂತಿದ್ದ ಕಾಂಕ್ರೀಟು ಒಡೆದು ನೆಲ ಸಮ ಮಾಡಲು
ನಾಲ್ಕೂವರೆ. ಖರ್ಚು.
ಕೂದಲೆಳೆಯಷ್ಟು ಓರೆಯಿದ್ದರೂ ಚೆಂಡು ಹೇಳಿಬಿಡುತ್ತದಂತೆ.
ಹದಿನೇಳು ವರ್ಷ ಇದೇ ನೆಲದ ಮೇಲೆ ಕುರ್ಚಿ ಹಾಕಿ
ಲೆಕ್ಕ ಬರೆದವಳು ನಾನು.
ನನಗೊಮ್ಮೆಯೂ ಗೊತ್ತಾಗಿರಲಿಲ್ಲ.

ದುಬೈನಲ್ಲಿ ಬಾಗಿಲು ಹಾಕಿದ ಯಾರದೋ ಆಟದ ಮನೆಯಿಂದ
ಆರು ಲೇನು, ಆರು ಯಂತ್ರ, ಐವತ್ತನಾಲ್ಕು ಲಕ್ಷ.
ಹಡಗು, ಸುಂಕ, ಬಂದರಿನಿಂದ ಘಾಟು ಹತ್ತುವ ಟ್ರೇಲರು: ಹನ್ನೆರಡು.
ಅವರು ಯಾಕೆ ಮುಚ್ಚಿದರು, ಕೇಳಿದೆ.
ಸಾಹೇಬರು ಚಹಾದ ಲೋಟ ತಿರುಗಿಸುತ್ತ ಕೂತರು.
ಮಗಳು ತನುಜಾ ಫೋನಿನಲ್ಲಿ ನೀಲಿ ದೀಪ ತೋರಿಸಿದಳು.
ದೀಪ: ಮೂರು ಲಕ್ಷ ಇಪ್ಪತ್ತು ಸಾವಿರ.

ಬೂಟು ನೂರಿಪ್ಪತ್ತು ಜೊತೆ,
ಒಬ್ಬರ ಬೆವರು ಇನ್ನೊಬ್ಬರಿಗೆ ತಿಳಿಯದಂತೆ ಹೊಡೆಯುವ ಸ್ಪ್ರೇ.
ಲೇನಿಗೆ ಸವರುವ ಎಣ್ಣೆ
ನಮ್ಮನೆಯ ಒಗ್ಗರಣೆ ಎಣ್ಣೆಗಿಂತ ಏಳು ಪಟ್ಟು ತುಟ್ಟಿ,
ಕಣ್ಣಿಗೂ ಕಾಣುವುದಿಲ್ಲ.
ಬಾಡಿಗೆ, ಕರೆಂಟು, ಒಂಬತ್ತು ಮಂದಿಯ ಪಗಾರ, ಬ್ಯಾಂಕಿನ ಕಂತು,
ತಿಂಗಳಿಗೆ ಸುಮಾರು ಏಳು ಲಕ್ಷ.
ಆಟಕ್ಕೆ ನೂರೈವತ್ತರಂತೆ ಭಾಗಿಸಿದರೆ
ದಿನಕ್ಕೆ ನೂರೈವತ್ತಾರು ಆಟ, ಲೇನಿಗೆ ಇಪ್ಪತ್ತಾರು,
ಮಳೆ ಬಂದರೂ, ಬೋರ್ಡ್ ಪರೀಕ್ಷೆ ಇದ್ದರೂ,
ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೂ.

ಆಗ ಜಾಲಿಂದರ ಕುದಳೆ ಬಂದು ಬಾಗಿಲಲ್ಲಿ ನಿಂತ.
ಬಲಗೈಯಲ್ಲಿ ನಡುಬೆರಳಿಲ್ಲ, ಉಂಗುರಬೆರಳಿಲ್ಲ.
ಒಂದು ಮಾರ್ಚ್ ಮೂವತ್ತೊಂದು, ಎರಡನೇ ಪಾಳಿ, ವರ್ಷಾಂತ್ಯದ ಆರ್ಡರು.
ಪರಿಹಾರದ ಚೆಕ್ಕು ಬರೆದದ್ದು ಈ ಕೈ,
ಬೆರಳೆರಡಕ್ಕೂ ಸೇರಿ ಒಂದೇ ಚೆಕ್ಕು.
ಮಾದರಿಗೆ ಬಂದ ಚೆಂಡನ್ನು ಎತ್ತಿ ನೋಡಿದ. ಮೂರು ತೂತು.
ಹೆಬ್ಬೆರಳು ಒಂದರಲ್ಲಿ ಸರಿಯಾಗಿ ಕೂತಿತು.
ಉಳಿದೆರಡರೊಳಗೆ ಬಾಯಿಟ್ಟು ಊದಿದ,
ಕಬ್ಬಿಣದ ಪುಡಿ ಇದ್ದೀತು ಅನ್ನುವಂತೆ.
"ಬಾಯಿ, ಮಾಗಚಿ ಮಶೀನ್ ಮೀ ಬಘತೋ" ಅಂದ.
ಹಿಂದಿನದು ನಾನು ನೋಡ್ಕೋತೀನಿ.

ಬರೆದೆ: ಮೆಕ್ಯಾನಿಕ್, ಇಪ್ಪತ್ತೆರಡು ಸಾವಿರ.
ಒರೆಸಿ ಇಪ್ಪತ್ತನಾಲ್ಕು ಮಾಡಿದೆ.
ಅದರ ಕೆಳಗೆ, ಯಾರೂ ಕೇಳದೆ:
ಯಂತ್ರಕ್ಕೆ ಜಾಲರಿ ಕವಚ, ಆರು, ಒಂದಕ್ಕೆ ಹದಿನೆಂಟು ಸಾವಿರ.
ಸಾಹೇಬರ ಪೆನ್ನು ಅಲ್ಲಿ ಬಂದು ನಿಂತಿತು.
"ಇದು ಬೇಕೇನ್ರಿ?"
ದೀಪ ಹೊಡೀರಿ ಬೇಕಾದ್ರ, ಅಂದೆ. ಇದ ಇರಲಿ.
ತನುಜಾ ಫೋನು ಮಡಿಲಲ್ಲಿ ಬೋರಲು ಇಟ್ಟಳು.

ಗುರುವಾರ ಎಂಐಡಿಸಿಗೆ ಸೂಟಿ.
ದಿನಕ್ಕೆ ನಾನೂರೆಂಬತ್ತು ಎಣಿಸಿಕೊಳ್ಳುವ ಹುಡುಗ
ಹತ್ತು ನಿಮಿಷಕ್ಕೆ ನೂರೈವತ್ತು ಹೇಗೆ ಕೊಟ್ಟಾನು?
ಗುರುವಾರ ಅರವತ್ತು, ಎಂದು ಪೆನ್ಸಿಲಿನಲ್ಲಿ ಬರೆದೆ.
ಕೆಳಗಿನ ಮೊತ್ತ ತಕ್ಷಣ ಮುನಿಸಿಕೊಂಡಿತು.
'ಇತರೆ' ಎಂಬ ಸಾಲಿಗೆ ಕೈ ಹಾಕಿದೆ, ಅಲ್ಲಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಜಾಲಿಂದರ ಎಡಗೈಯಲ್ಲಿ
ಚೆಂಡನ್ನು ಬರಿ ನೆಲದ ಮೇಲೆ ತಳ್ಳಿದ, ಮೆಲ್ಲಗೆ,
ಮಗುವನ್ನು ಶಾಲೆಯೊಳಗೆ ಬಿಡುವ ಹಾಗೆ.
ನೆಟ್ಟಗೆ ಹೋಯಿತು, ಮೂವತ್ತು ಅಡಿ.
ಆಮೇಲೆ ಎಡಕ್ಕೆ ವಾಲಿ, ವಾಲಿ,
ಪ್ರೆಸ್ಸು ನಿಂತಿದ್ದ ಜಾಗಕ್ಕೆ ಹೋಗಿ ಕೂತಿತು.
ನಾಲ್ವರೂ ನೋಡಿದೆವು.

ನೆಲಕ್ಕೆ ನಾಲ್ಕೂವರೆ ಅಂತ ಇದ್ದದ್ದನ್ನು
ಐದೂಕಾಲು ಅಂತ ತಿದ್ದಿದೆ.