ಎಡ ಭುಜ ಒಂದು ಬೆರಳು ಕೆಳಗೆ

ಕುಡಚಡೆ ಸ್ಟೇಷನ್ನಿನ ಹಿಂದೆ, ಪಾವ್ ಸುಡುವ ಭಟ್ಟಿಯ ಮೇಲೆ
ಅವನ ಕೋಣೆ. ನೆಲವೇ ಬೆಚ್ಚಗೆ.
ಬೋರ್ಡಿರಲಿಲ್ಲ. ಮೆಟ್ಟಿಲ ಕೆಳಗಿನ ಚಪ್ಪಲಿ ಎಣಿಸಿ
ಇವತ್ತು ಎಷ್ಟು ಹೊತ್ತು ಕಾಯಬೇಕೆಂದು ತಿಳಿಯುತ್ತಿದ್ದೆವು.

ಬೊನಿಫಾಸಿಯೊ ಬಾರೆಟ್ಟೊ ಎಂಬ ಉದ್ದ ಹೆಸರು
ನಮ್ಮವ್ವನ ಬಾಯಲ್ಲಿ ಬೋಣಿಯಪ್ಪ ಆಯಿತು.
ಮುಂಜಾನೆ ಮೊದಲು ಬಂದ ಮೈಯಿಂದ ಅವನು ಕಾಸು ಮುಟ್ಟುವವನಲ್ಲ,
ಅದಕ್ಕೇ ಆ ಹೆಸರೆಂದು ಸಾಯುವ ತನಕ ನಂಬಿದ್ದಳು.
'ಬೋಣಿಗೇ ರೊಕ್ಕ ಬ್ಯಾಡಂದ್ರ ದಿನಾ ಹೆಂಗ ಹೋಕ್ಕೈತೋ ಯಪ್ಪಾ'
ಎಂದು ಬೈದು, ಕಿಟಕಿಯಲ್ಲಿ ನಾಲ್ಕು ಮೊಟ್ಟೆ ಇಟ್ಟು ಇಳಿಯುವಳು.

ಹಡಗಿನಲ್ಲಿ ಹದಿನಾರು ವರ್ಷ ಯಾರ್ಯಾರದೋ ಬಟ್ಟೆ ಒಗೆದವನು.
ಅಲ್ಲಿಯ ಫಿಲಿಪಿನೊ ಮುದುಕನೊಬ್ಬ
ಕಣ್ಣು ಮುಚ್ಚಿ ಬೆನ್ನು ಓದುವುದ ಕಲಿಸಿದನಂತೆ.
ಊರಿಗೆ ತಂದದ್ದು ಒಂದು ಟ್ರಂಕು, ಎರಡು ಹೆಬ್ಬೆರಳು.

ಅದಿರಿನ ಲಾರಿ ಓಡಿಸುವವರು, ದಕ್ಕೆಯಲ್ಲಿ ಬಾರ್ಜ್ ತುಂಬುವವರು,
ಮೀನಿನ ಬುಟ್ಟಿಗೆ ಕತ್ತು ಕೊಟ್ಟ ಹೆಂಗಸರು,
ಮತ್ತೆ ನಾನು, ಟೇಲರ್ ನೀಲವ್ವ,
ಮಶೀನಿನ ಮೇಲೆ ಬಾಗಿ ಬಾಗಿ
ಎಡಕ್ಕೆ ತಿರುಗದೆ ಹೋದವಳು.

'ಕಶೆಂ ದುಕ್ತಾ?'
ನೋವು ಅಂದರೆ ಅವನಿಗೆ ಸಾಲದು.
ಎಂಥ ನೋವು? ನಿಮ್ಮ ಊರಲ್ಲಿ ಅದಕ್ಕೇನು ಹೆಸರು?
ಹೇಳಿದೆ: ಚಳುಕು. ಉಳುಕು. ಜೋಮು. ಸೆಳೆತ.
ಸೋಡಾ ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ,
ಜೋಮಿಗೆ ಎರಡು ಸಲ ನಗುತ್ತ.
'ಕತ್ತು ಹಿಡಕೊಂಡೈತಿ' ಎಂದೆ.
ಪೆನ್ನು ನಿಲ್ಲಿಸಿದ.
'ಹಿಡಕೊಂಡವರು ಯಾರು?'

ಆ ವರ್ಷ ನನ್ನ ಮನೆಯಲ್ಲಿ
ಯಾವ ಕೈ ಎಲ್ಲಿ ಹಿಡಿದಿತ್ತೆಂದು
ಅವನ ಬೆರಳಿಗೆ ಆಗಲೇ ಗೊತ್ತಾಗಿತ್ತು.
ಮತ್ತೆ ಕೇಳಲಿಲ್ಲ.
ಎಣ್ಣೆಯ ಬಟ್ಟಲನ್ನು ನೆಲಕ್ಕಿಟ್ಟ,
ಭಟ್ಟಿಯ ಶಾಖಕ್ಕೆ ಅದು ಕಾಯುವ ತನಕ
ಇಬ್ಬರೂ ಸುಮ್ಮನೆ ಕೂತೆವು.

ದೇವರಲ್ಲ ಬಿಡಿ. ಸಂಜೆ ಏಳಾದರೆ ಫೆಣಿ.
ಒಮ್ಮೆ ಕ್ಲೀನರ್ ಹುಡುಗನ ಸೊಂಟ ತಪ್ಪು ತಿರುಚಿ
ಮೂರು ವಾರ ಮಲಗಿಸಿದ.
ಮೂರೂ ವಾರ ತಾನೇ ಊಟದ ಡಬ್ಬಿ ಹೊತ್ತು ಹೋದ,
ಹುಡುಗನ ತಾಯಿ ಬಾಗಿಲಲ್ಲಿ ನಿಂತು
ಬೈದದ್ದನ್ನೆಲ್ಲ ತಿಂದು ಬಂದ.

ಗಣಿ ನಿಂತಿತು. ಲಾರಿಗಳು ರಸ್ತೆ ಬದಿ ಸಾಲಾಗಿ ನಿಂತು
ಚಕ್ರದೊಳಗೆ ಹುಲ್ಲು ಬೆಳೆಯಿತು.
ದುಡಿವಾಗ ತಡೆದ ಬೆನ್ನುಗಳು
ಕೂತಲ್ಲಿ ಬಿಗಿಯತೊಡಗಿದವು.
ಮೆಟ್ಟಿಲ ಕೆಳಗೆ ಚಪ್ಪಲಿ ಹೆಚ್ಚಾದವು, ಕೊಡುವ ಕೈ ಇಲ್ಲ.
ಆ ವರ್ಷ ಅವನಿಗೆ
ಬೆಳಗಿನಿಂದ ರಾತ್ರಿತನಕ ಬೋಣಿ.

ತಂಗಿಯ ಮಗಳ ಮದುವೆಗೆ ಕೋಟು ಹೊಲಿಸಲು ಬಂದ.
ಇಷ್ಟು ವರ್ಷದಲ್ಲಿ ಅವನ ಮೈ ನಾನು ಮುಟ್ಟಿದ್ದು ಅಂದೇ,
ಟೇಪು ಹಿಡಿದು.
ಎಡ ಭುಜ ಒಂದು ಬೆರಳು ಕೆಳಗೆ,
ಕಲ್ಲಿನಷ್ಟು ಗಟ್ಟಿ.
'ಇದನ್ನ ಯಾರಿಗೆ ತೋರಸ್ತೀರಿ?' ಕೇಳಿಯೇಬಿಟ್ಟೆ.
ಕಿಟಕಿಯತ್ತ ನೋಡಿ,
'ವಾಸ್ಕೊ ಗಾಡಿ ಬಂತು' ಎಂದ.
ಗಾಡಿ ಬಂದಿರಲಿಲ್ಲ.
ನಾನೂ ಕೇಳಲಿಲ್ಲ. ಎಡಗಡೆಯ ಅಸ್ತರಿನೊಳಗೆ
ಅವನಿಗೆ ಹೇಳದೆ ಒಂದು ಪದರ ಹತ್ತಿ ತುಂಬಿದೆ.
ಮದುವೆಯ ಫೋಟೊದಲ್ಲಿ ಎಷ್ಟು ನೆಟ್ಟಗಿದ್ದಾನೆ, ನೋಡಿ.

ನಿನ್ನೆ ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ.
ಮುಂದೆಲ್ಲ ಬೆನ್ನುಗಳೇ. ಮುಖಕ್ಕಿಂತ ಅವನಿಗೆ
ಹೆಚ್ಚು ಪರಿಚಯವಿದ್ದವು.
ಸರದಿ ಬಂದಾಗ ಹತ್ತಿರ ಹೋದೆ.
ಅದೇ ಕೋಟು.
ಮಲಗಿದವನಿಗೆ ಭುಜ ಎರಡೂ ಸಮ,
ನನ್ನ ಹತ್ತಿ ಮಾತ್ರ ಎಡಗಡೆ ಉಬ್ಬಿ ನಿಂತಿತ್ತು.

ಹೂವಿಡುವ ನೆಪದಲ್ಲಿ ಬಗ್ಗಿ
ಹೆಬ್ಬೆರಳಿನಿಂದ ಒತ್ತಿದೆ, ಅವನು ಒತ್ತುತ್ತಿದ್ದ ಹಾಗೆ,
ಉಸಿರು ಬಿಡುವಾಗ.
ತಗ್ಗಿತು.
ಬೆರಳು ತೆಗೆದರೆ ಮತ್ತೆ ಮೆಲ್ಲಗೆ ಎದ್ದಿತು.
ಹಿಂದಿನವರು ಕಾಯುತ್ತಿದ್ದರು.